ವೈದ್ಯರ ಮುಂದೆ ನುಡಿಯುವ ಸಾಕ್ಷ್ಯ

ಅಂಗವೈಕಲ್ಯ ಪ್ರಮಾಣಪತ್ರದಲ್ಲಿ ಶೇ. 38ರ ಬದಲು ಶೇ. 40 ಎಂದು ಬರೆಸಿಕೊಂಡರೆ ಅದು ಪಾಪವೇ? ಕಾನೂನಿನ ಹೆಚ್ಚಿನ ಸವಲತ್ತುಗಳು ಆರಂಭವಾಗುವುದೇ ಶೇ. 40ರಿಂದ. ಎರಡೇ ಅಂಕ ತಾನೇ, ಹಣ ಸರಕಾರದ್ದು, ಕಷ್ಟವಂತೂ ನಿಜ ಎಂದು ಹೇಳುವವರಿದ್ದಾರೆ.

ನಷ್ಟ ಯಾರಿಗೆಂದು ಲೆಕ್ಕ ಹಾಕಿ ನೋಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ವೈಕಲ್ಯದ ಬಗೆಗಳನ್ನು 7ರಿಂದ 21ಕ್ಕೆ ಏರಿಸಿ, ಸರಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ನ್ನು ಇವರಿಗಾಗಿ ಮೀಸಲಿಟ್ಟಿತು. ನೂರರಲ್ಲಿ ನಾಲ್ಕು! ಸುಳ್ಳು ಪತ್ರ ಹಿಡಿದವನು ಅದರಲ್ಲೊಂದಕ್ಕೆ ಕೈ ಹಾಕಿದರೆ ಹೊರಗುಳಿಯುವವನು ಮಂತ್ರಿಯಲ್ಲ, ಕಣ್ಣು ಕಾಣದ ಅಥವಾ ಕಿವಿ ಕೇಳದ ಇನ್ನೊಬ್ಬ ಬಡವ. ಈ ವಂಚನೆಗೆ ಸೆಕ್ಷನ್ 91ರ ಪ್ರಕಾರ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂ.ವರೆಗೆ ದಂಡ, ಇಲ್ಲವೇ ಎರಡೂ ಉಂಟು. ಆದರೆ ಸತ್ಯವಿಶ್ವಾಸಿಯನ್ನು ತಡೆಯಬೇಕಾದುದು ಸೆರೆಮನೆಯ ಭಯವಲ್ಲ. ಅನ್ನಿಸಾ ಅಧ್ಯಾಯದ 135ನೇ ಸೂಕ್ತವು ಸ್ವತಃ ನಮ್ಮ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಲು ಆಜ್ಞಾಪಿಸುತ್ತದೆ. ಅಳತೆ ತಪ್ಪಾಗಿದೆಯೆಂದು ಪ್ರಾಮಾಣಿಕವಾಗಿ ಅನಿಸಿದರೆ ಸೆಕ್ಷನ್ 59ರಂತೆ ಮೇಲ್ಮನವಿ ಸಲ್ಲಿಸಬಹುದು. ದಲ್ಲಾಳಿಯ ಅಗತ್ಯವಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವುದು ಮತ್ತೊಂದು ಅಸತ್ಯ, ಅಂದರೆ ಮುಚ್ಚಿಡುವುದು. ಅಕ್ಕನಿಗೆ ಕಿವಿ ಕೇಳಿಸದೆಂದು ಊರಿಗೆ ತಿಳಿದರೆ ತಂಗಿಯ ಮದುವೆಗೆ ತೊಡಕಾದೀತೆಂದು ಕಾರ್ಡನ್ನೇ ಮಾಡಿಸುವುದಿಲ್ಲ. ಬುದ್ಧಿ ಬೆಳೆಯದ ಮಗನನ್ನು ತಪಾಸಣೆಗೆ ಕರೆತಂದ ತಾಯಿ, 'ಎಲ್ಲ ಅವನೇ ಮಾಡ್ಕೊಳ್ತಾನೆ ಡಾಕ್ಟ್ರೇ' ಅನ್ನುತ್ತಾಳೆ. ಅಂಗಿ ತೊಡಿಸುವುದೂ ತುತ್ತು ಉಣಿಸುವುದೂ ಅವಳೇ. ಆ ತಾಯಿಯ ಮಮತೆಯನ್ನು ಯಾರೂ ದೂರಲಾರರು. ಆದರೂ ವೈದ್ಯರು ಬರೆಯುವುದು ಅವಳು ಹೇಳಿದ್ದನ್ನೂ ನೋಡಿ. ಮಗನ ಪಾಲನ್ನು ಬಿಟ್ಟುಕೊಡುವ ಅಧಿಕಾರ ಅವಳಿಗೂ ಇಲ್ಲ. ಹಳೆಯ ಚೀಟಿಗಳನ್ನೆಲ್ಲ ಒಯ್ಯಬೇಕು, ಒಳ್ಳೆಯ ದಿನದಂತೆಯೇ ಕೆಟ್ಟ ದಿನದ ಸ್ಥಿತಿಯನ್ನೂ ಹೇಳಬೇಕು. ಅರ್ಜಿಗೆ ನೆರವಾಗಲು ನಮ್ಮ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ; ಎಷ್ಟೋ ಜನರಿಗೆ ಇದು ತಿಳಿದೇ ಇಲ್ಲ.

ಸರಕಾರದ ಮುಂದೆ ಕೈಚಾಚುವುದು ಅವಮಾನವಲ್ಲವೇ ಎಂದು ಕೆಲವು ಹಿರಿಯರು ಕೇಳುತ್ತಾರೆ. ಬಾಗಿಲಲ್ಲಿ ಬೇಡುತ್ತಿದ್ದ ಅಂಧ ಯಹೂದಿ ವೃದ್ಧನೊಬ್ಬನನ್ನು ಹ. ಉಮರ್(ರ) ಕಂಡ ಘಟನೆಯನ್ನು ಇಮಾಮ್ ಅಬೂ ಯೂಸುಫ್ ತಮ್ಮ 'ಕಿತಾಬುಲ್ ಖರಾಜ್'ನಲ್ಲಿ ದಾಖಲಿಸಿದ್ದಾರೆ. ಖಲೀಫರು ನಾಲ್ಕು ಕಾಸು ಕೊಟ್ಟು ಕಳುಹಿಸಿ ಸುಮ್ಮನಾಗಲಿಲ್ಲ. ಅವನನ್ನೂ ಅವನಂತಹವರನ್ನೂ ನೋಡಿಕೊಳ್ಳುವಂತೆ ಬೈತುಲ್ ಮಾಲ್‌ನ ಅಧಿಕಾರಿಗೆ ಆದೇಶಿಸಿದರು. ಅದು ಭಿಕ್ಷೆಯಾಗಿರಲಿಲ್ಲ, ಹಕ್ಕಾಗಿತ್ತು.

ಆದರೆ ಪಿಂಚಣಿಯಿಂದಲೇ ಬದುಕು ಸಾಗದು. ತೀವ್ರ ವೈಕಲ್ಯವುಳ್ಳ ಬಡವರಿಗೆ ಕೇಂದ್ರ ಸರಕಾರ ಕೊಡುವ ಪಾಲು ತಿಂಗಳಿಗೆ 300 ರೂ.; ಉಳಿದದ್ದನ್ನು ರಾಜ್ಯ ಸೇರಿಸಬೇಕು. ಬೇಕಾದುದು ಕೆಲಸ. ಪ್ರವಾದಿವರ್ಯರು(ಸ) ಅಂಧರಾಗಿದ್ದ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ)ರಿಗೆ ಅಝಾನ್‌ನ ಹೊಣೆ ಕೊಟ್ಟರು. ಬೆಳಗಾಯಿತೆಂದು ಜನರು ತಿಳಿಸಿದ ಮೇಲೆ ಅವರು ಅಝಾನ್ ಕರೆಯುತ್ತಿದ್ದರು. ಅಷ್ಟೊಂದು ನೆರವು ಸಾಕಾಗಿತ್ತು. ಕಾಲು ಸೋತ ಯುವಕನನ್ನು ಅಂಗಡಿಯ ಗಲ್ಲದಲ್ಲಿ ಕೂರಿಸಲು ನಮ್ಮ ವ್ಯಾಪಾರಿಗಳು ಹೊಂದಿಸಬೇಕಾದುದು ಒಂದು ಎತ್ತರದ ಕುರ್ಚಿ, ಬಾಗಿಲಿಗೊಂದು ಇಳಿಜಾರು ಹಲಗೆ.