ಊರೀಯನ ಹೆಂಡತಿ ಅಂತ ಯಾಕೆ ಬರೆದಿದೆ?

ಎಲ್ಲರೂ ಕೂತ್ಕೊಳ್ಳಿ. ಮತ್ತಾಯನ ಸುವಾರ್ತೆ 1ನೇ ಅಧ್ಯಾಯ, 6ನೇ ವಚನ ತೆಗೀರಿ. ಫೋನಲ್ಲಿ ತೆಗೆಯೋರು ವಾಟ್ಸಾಪ್ ಆಮೇಲೆ ನೋಡಿ.

ನನ್ನ ಸಾಕ್ಷಿ ನಿಮಗೆಲ್ಲ ಗೊತ್ತು. ಸೂಲಿಬೆಲೆ ಹುಡುಗ, ಉದ್ದ ಕೂದಲು, ಕಪ್ಪು ಟೀ ಶರ್ಟ್. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಆ ಜನರ ಮಧ್ಯೆ ನಾನೂ ಇದ್ದೆ. 2010ರಲ್ಲಿ ದೀಕ್ಷಾಸ್ನಾನ ತಗೊಂಡು, ಸಿಡಿಗಳನ್ನೆಲ್ಲ ಹಿತ್ತಿಲಲ್ಲಿ ಸುಟ್ಟೆ. ಇಲ್ಲಿಗೆ ಬಂದಾಗ ನೀವು ಹಲ್ಲೆಲೂಯಾ ಅಂತೀರಿ.

ಅದರಲ್ಲಿ ಒಂದು ಸಿಡಿ, 'ಸಮ್‌ವೇರ್ ಬ್ಯಾಕ್ ಇನ್ ಟೈಮ್'. 2008ರಲ್ಲಿ ಬಂತು. 1980ರಿಂದ 1989ರವರೆಗಿನ ಅವರ ಹಾಡುಗಳಲ್ಲಿ ಆರಿಸಿ ತೆಗೆದ ಸಂಗ್ರಹ, 15 ಟ್ರ್ಯಾಕ್. ಆ ಬ್ಯಾಂಡಿನ ಮೊದಲ ಎರಡು ಆಲ್ಬಂ ಹಾಡಿದ್ದು ಪಾಲ್ ಡಿಯಾನೊ. 1981ರಲ್ಲಿ ಅವನ ಜಾಗಕ್ಕೆ ಬ್ರೂಸ್ ಡಿಕಿನ್ಸನ್ ಬಂದ. ಈ ಸಂಗ್ರಹದಲ್ಲಿ ಆ ಹಳೇ ಹಾಡು ಮೂರಿವೆ, ಆದರೆ ಮೂರೂ ಬ್ರೂಸ್ ಸ್ಟೇಜ್ ಮೇಲೆ ಹಾಡಿದ್ದು. ಡಿಯಾನೊ ದನಿ ಒಂದು ಸಲಾನೂ ಕೇಳಲ್ಲ. ತಪ್ಪು ಅಂತಿಲ್ಲ, ಸಂಗ್ರಹ ಅಂದ್ರೇನೇ ಆರಿಸೋದು. ಆದರೆ ಇದೊಂದನ್ನೇ ಕೇಳಿದ ಹುಡುಗನಿಗೆ ಅಂಥವನೊಬ್ಬ ಇದ್ದ ಅಂತಾನೇ ಗೊತ್ತಾಗಲ್ಲ.

ಈಗ ವಚನ ನೋಡಿ. ಯೇಸುವಿನ ವಂಶಾವಳಿ. ದಾವೀದನಿಗೆ ಸೊಲೊಮೋನ ಹುಟ್ಟಿದ್ದು ಯಾರಲ್ಲಿ? ಬತ್ಷೆಬೆ ಅಂತ ಬರೆದು ಮುಂದೆ ಹೋಗಬಹುದಿತ್ತು. ಮತ್ತಾಯ ಊರೀಯನ ಹೆಂಡತಿ ಅಂತಾನೆ. ಸತ್ತವನ ಹೆಸರು ಎತ್ತುತ್ತಾನೆ! ಒಂದನೇ ಪೂರ್ವಕಾಲವೃತ್ತಾಂತದ 20ನೇ ಅಧ್ಯಾಯ ಮನೇಲಿ ಓದಿ. ಅದೇ ರಬ್ಬಾ ಪಟ್ಟಣದ ಯುದ್ಧ, ಅದೇ ಯೋವಾಬ. ಆದರೆ ಆ ಹೆಂಗಸಿನ ಸುದ್ದಿ ಇಲ್ಲ, ಊರೀಯನ ಕೊಲೆ ಇಲ್ಲ. ಹಾಗಂತ ದೇವರು ಎರಡನೇ ಸಮುವೇಲದ 11ನೇ ಅಧ್ಯಾಯ ಹರಿದು ಹಾಕಿದ್ರಾ? ಎರಡೂ ಒಂದೇ ಬೈಬಲ್‌ನಲ್ಲಿವೆ.

ನಿಮ್ಮ ಇನ್‌ಸ್ಟಾಗ್ರಾಂ ಬಗ್ಗೆ ಬೈತಾರೆ ಅಂದ್ಕೊಂಡ್ರಲ್ಲ? ಇಲ್ಲ. ನನ್ನ ಸಾಕ್ಷಿಯೂ ಅಂಥದೇ ಸಂಗ್ರಹ. ಹದಿನಾಲ್ಕು ವರ್ಷದಿಂದ ಅವೇ ಹಾಡು ಹಾಕ್ತಿದ್ದೀನಿ. ಒಂದನ್ನ ಬಿಟ್ಟಿದ್ದೀನಿ.

ಅರಮನೆ ಮೈದಾನದ ಟಿಕೆಟ್ಟಿಗೆ ದುಡ್ಡು ಎಲ್ಲಿಂದ ಬಂತು ಅಂತ ನೀವ್ಯಾರೂ ಕೇಳಿಲ್ಲ. ನಮ್ಮಮ್ಮ ರೇಷ್ಮೆ ಹುಳ ಸಾಕ್ತಿದ್ರು. ರಾತ್ರಿ ಎದ್ದು ಸೊಪ್ಪು ಹಾಕೋದು, ನಾಲ್ಕು ಜ್ವರ ದಾಟಿಸೋದು, ಚಂದ್ರಿಕೆಗೆ ಬಿಡೋದು. ಆ ಸಲ ಗೂಡು ತಗೊಂಡು ವಿಜಯಪುರದ ಮಾರ್ಕೆಟ್ಟಿಗೆ ಹೋದವನು ನಾನು. ವಾಪಸ್ ಬಂದು, ರೇಟು ಬಿದ್ದುಹೋಗಿದೆ ಅಮ್ಮ, ಅಂದೆ. ಎರಡು ಸಾವಿರ ನನ್ನ ಜೇಬಲ್ಲಿತ್ತು. ಅಮ್ಮ ಗೂಡಲ್ಲೇ ಏನೋ ಕೆಟ್ಟಿರಬೇಕು ಅಂದ್ಕೊಂಡು, ಮುಂದಿನ ಬೆಳೆಗೆ ಇನ್ನೂ ಒಂದು ಸಲ ಜಾಸ್ತಿ ರಾತ್ರಿ ಎದ್ದರು. ನಾನು ಅದನ್ನ ಮಲಗಿದ ಕಡೆಯಿಂದಲೇ ನೋಡ್ತಿದ್ದೆ.

ಸಿಡಿ ಸುಡೋದು ಸುಲಭ ಇತ್ತು, ಪ್ರಿಯರೇ. ಕೈ ತಟ್ಟಿದ್ರಿ. ಈ ಎರಡು ಸಾವಿರ ಮಾತ್ರ ಯಾವ ಬೆಂಕಿಗೂ ಹಾಕಲಿಲ್ಲ.

ಅಮ್ಮ ಇವತ್ತು ಸೂಲಿಬೆಲೆಯಿಂದ ಬಂದಿದ್ದಾರೆ, ಮೂರನೇ ಸಾಲಲ್ಲಿ ಕೂತಿದ್ದಾರೆ. ಅವರಿಗೂ ಇದು ಈಗಲೇ ಗೊತ್ತಾಗ್ತಿರೋದು. ಅಮ್ಮ, ಆ ಸಲ ರೇಟು ಚೆನ್ನಾಗೇ ಇತ್ತು. ನಿಮ್ಮ ಗೂಡಲ್ಲಿ ಏನೂ ದೋಷ ಇರಲಿಲ್ಲ.

ಕೀಬೋರ್ಡ್ ತಮ್ಮ, ಒಂದು ನಿಮಿಷ ನಿಲ್ಲಿಸಪ್ಪ. ನಾನು ಕೆಳಗೆ ಹೋಗಿ ಬರ್ತೀನಿ.