ಮುಟ್ಟಿದ ಕಾಯಿ

ಮಂಡ್ಯದಲ್ಲೊಂದು ಹಿರಿಯರ ಚದುರಂಗ ಪಂದ್ಯಾವಳಿ ಎಂದಿಟ್ಟುಕೊಳ್ಳಿ. ಮದ್ದೂರಿನ ನಿವೃತ್ತ ಮೇಷ್ಟ್ರು ಕುದುರೆಯನ್ನೆತ್ತಿ, ತಡವರಿಸಿ, ಅದೇ ಮನೆಯಲ್ಲಿಟ್ಟು ಆನೆ ನಡೆಸುತ್ತಾರೆ. ಎದುರಿಗೆ ಕುಳಿತ ಮಳವಳ್ಳಿಯವರು ಅದನ್ನು ಕಂಡಿದ್ದಾರೆ, ತೀರ್ಪುಗಾರರು ಕಂಡಿಲ್ಲ.

ನಡೆಸುವ ಉದ್ದೇಶದಿಂದ ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬುದು ನಿಯಮ. ಕೈ ತಾಗಿ ಉರುಳಿದ್ದಕ್ಕೆ ಇದು ಅನ್ವಯಿಸದು. ಆದರೆ ಎದುರಾಳಿಯೂ ತನ್ನ ಕಾಯಿಯನ್ನು ಬೇಕೆಂದೇ ಮುಟ್ಟಿಬಿಟ್ಟರೆ ಆಕ್ಷೇಪಿಸುವ ಹಕ್ಕು ಅಲ್ಲಿಗೆ ಮುಗಿಯಿತು. ಮಳವಳ್ಳಿಯವರಿಗಿರುವುದು ಅಷ್ಟೇ ಸಮಯ.

‘ವಯಸ್ಸಾದವರು, ಹೋಗಲಿ ಬಿಡಿ’ ಎಂಬುದು ನಮ್ಮ ಕಡೆಯ ಮಾತು. ಕೇಳಲು ಹಿತವೇನೋ ಹೌದು. ಆದರೆ ಅಂತರರಾಷ್ಟ್ರೀಯ ಚದುರಂಗದಲ್ಲಿ 50 ಮತ್ತು 65 ವರ್ಷ ತುಂಬಿದವರಿಗೆ ಪ್ರತ್ಯೇಕ ವಿಭಾಗಗಳಿರುವುದು ಸರೀಕರೊಡನೆ ಸೆಣಸಲೆಂದು, ನಿಯಮದಲ್ಲಿ ರಿಯಾಯಿತಿ ಸಿಗಲೆಂದಲ್ಲ. ಕನಿಕರದಿಂದ ಸುಮ್ಮನಾದರೆ ಮೇಷ್ಟ್ರನ್ನು ಎದುರಾಳಿಯ ಕುರ್ಚಿಯಿಂದ ಎಬ್ಬಿಸಿ ರೋಗಿಯ ಮಂಚಕ್ಕೆ ಕಳಿಸಿದಂತೆ. ಅದು ಗೊತ್ತಾದರೆ ಅವರಿಗೆ ಸೋಲಿಗಿಂತ ಹೆಚ್ಚು ನೋವು. ‘ಮೇಷ್ಟ್ರೇ, ಕುದುರೆ’ ಎಂದು ಮೆಲ್ಲಗೆ ಹೇಳುವುದರಲ್ಲಿ ಯಾವ ಕ್ರೌರ್ಯವೂ ಇಲ್ಲ.

ಎಲ್ಲ ಮೌನವೂ ಕನಿಕರವಲ್ಲ ಎಂಬುದನ್ನೂ ನೆನೆಯಬೇಕು. 1994ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಕಾಸ್ಪರೋವ್ ಕುದುರೆಯನ್ನಿಟ್ಟು, ಕೈಬಿಟ್ಟು, ಮತ್ತೆ ಬೇರೆ ಮನೆಗೆ ಸರಿಸಿದರು. ಕ್ಯಾಮೆರಾ ಅದನ್ನು ಹಿಡಿದಿತ್ತು. ಎದುರಿಗಿದ್ದ 17ರ ಹರೆಯದ ಜೂಡಿಟ್ ಪೋಲ್ಗಾರ್ ಆಗ ದೂರು ಕೊಡಲಿಲ್ಲ, ಆಟವನ್ನೂ ಸೋತರು. ಜಗತ್ತಿನ ಅತಿ ಪ್ರಬಲ ಆಟಗಾರನೆದುರು ಹುಡುಗಿಯೊಬ್ಬಳು ಸುಮ್ಮನಿದ್ದುದನ್ನು ಔದಾರ್ಯವೆಂದು ಯಾರು ಕರೆದಾರು?

ಇಷ್ಟಕ್ಕೂ ಮೊದಲ ಹೊಣೆ ಮಳವಳ್ಳಿಯವರದಲ್ಲ, ಮೇಷ್ಟ್ರದು. ತಮ್ಮ ಬೆರಳಿಗೆ ಗೊತ್ತಿರುವುದನ್ನು ಇನ್ನೊಬ್ಬರ ಬಾಯಿಂದ ಹೇಳಿಸಿಕೊಳ್ಳಬೇಕೇ?