ಲೆಕ್ಕಕ್ಕೆ ಬಾರದ ಹಳ್ಳ

ಎಲೆಕ್ಟ್ರಿಕ್ ಕಾರು ಹೊಗೆ ಬಿಡಲ್ಲ, ನಿಜ. ಆದ್ರೆ ಅದರ ಮೋಟಾರಿನೊಳಗಿನ ಅಯಸ್ಕಾಂತ ಎಲ್ಲಿಂದ ಬಂತು? 1982ರಲ್ಲಿ ಜಪಾನಿನ ಮಸಾಟೊ ಸಗಾವಾ ರೂಪಿಸಿದ ನಿಯೋಡೈಮಿಯಂ-ಕಬ್ಬಿಣ-ಬೋರಾನ್ ಅಯಸ್ಕಾಂತ ಭಾರಿ ಗಟ್ಟಿಗ. ಬಿಸಿಯಾದ್ರೆ ಮಾತ್ರ ಸೋಲುತ್ತೆ. ಸೋಲದಿರಲಿ ಅಂತ ಡಿಸ್ಪ್ರೋಸಿಯಂ ಬೆರೆಸ್ತಾರೆ. ಅದು ಹೆಚ್ಚಾಗಿ ಬರೋದು ದಕ್ಷಿಣ ಚೀನಾ ಮತ್ತು ಮ್ಯಾನ್ಮಾರಿನ ಕಚಿನ್ ಗುಡ್ಡಗಳಿಂದ. ಗುಡ್ಡದೊಳಕ್ಕೆ ಅಮೋನಿಯಂ ಸಲ್ಫೇಟ್ ದ್ರಾವಣ ಇಳಿಸಿ ಲೋಹ ತೊಳೆದು ತೆಗೀತಾರೆ. ಆ ನೀರು ಕೆಳಗಿನ ಹಳ್ಳಗಳಿಗೂ ಸೇರುತ್ತೆ.

ಕಂಪ್ಯೂಟರ್ ಸಿಮ್ಯುಲೇಶನ್ ಇಲ್ಲಿ ನೆರವಿಗೆ ಬರುತ್ತೆ. ಅಯಸ್ಕಾಂತದ ಒಂದೊಂದು ಹರಳನ್ನೂ ಲೆಕ್ಕದಲ್ಲಿ ಕಟ್ಟಿ ನೋಡಿದ್ರೆ, ಸೋಲು ಶುರುವಾಗೋದು ಹರಳಿನ ಅಂಚಲ್ಲಿ. ಹಾಗಾದ್ರೆ ಡಿಸ್ಪ್ರೋಸಿಯಂ ಅಂಚಿಗಷ್ಟೇ ಸಾಕು. ನಮ್ಮೂರ ರೈತರಿಗೆ ಇದು ಹೊಸದೇನಲ್ಲ: ಬದು ಗಟ್ಟಿಯಿದ್ರೆ ಹೊಲದ ಮಣ್ಣು ಉಳಿಯುತ್ತೆ.

ಆದ್ರೆ ಉಳಿಸೋದು ಯಾಕೆ? ಕೋಡ್ ಬರೆಯೋ ನನಗೆ ಗೊತ್ತು, ಯಾವುದನ್ನ ಕಡಿಮೆ ಮಾಡು ಅಂತೀವೋ ಪ್ರೋಗ್ರಾಂ ಅದನ್ನಷ್ಟೇ ಮಾಡುತ್ತೆ. ಖರ್ಚು ಮಾತ್ರ ಕೊಟ್ರೆ, ಡಿಸ್ಪ್ರೋಸಿಯಂ ಅಗ್ಗವಾದ ದಿನ ಅದು ಮತ್ತೆ ಧಾರಾಳವಾಗಿ ಸುರಿಯುತ್ತೆ. ಅದರದ್ದೇನೂ ತಪ್ಪಿಲ್ಲ. ಹಳ್ಳವನ್ನೂ ಎಣಿಸು ಅನ್ನೋದನ್ನ ಯಾವ ಭೌತಶಾಸ್ತ್ರದ ಸಮೀಕರಣವೂ ಹೇಳಿಕೊಡಲ್ಲ. ಆ ಒಂದು ಸಾಲನ್ನ ನಾವೇ ಬರೀಬೇಕು.